ನಿಲುವು ಫ್ರೀಜರ್: ಲೀಟರಿಗೆ ಸಿಗದ ಲೆಕ್ಕ

ಎಲೆಕ್ಟ್ರಾನಿಕ್ಸ್ ಅಂಗಡಿಗೆ ಹೋಗಿ ಮನೆಗೊಂದು ಅಪ್‌ರೈಟ್ ಫ್ರೀಜರ್ ಬೇಕು ಎಂದರೆ ಮೊದಲು ಬರುವ ಪ್ರಶ್ನೆ ‘ಎಷ್ಟು ಲೀಟರ್ ಸಾರ್?’ ಎರಡನೆಯದು ಬಜೆಟ್ಟು. ಮೂರನೆಯ ಪ್ರಶ್ನೆ ಬರುವ ಹೊತ್ತಿಗೆ ಇಎಂಐ ಫಾರಂ ಮೇಜಿನ ಮೇಲಿರುತ್ತದೆ. ಅದರಲ್ಲಿ ಏನಿಡುತ್ತೀರಿ, ಒಂದೇ ದಿನಕ್ಕೆ ಎಷ್ಟು ಕೆಜಿ ತುಂಬುತ್ತೀರಿ, ನಿಮ್ಮೂರಲ್ಲಿ ಕರೆಂಟು ಹೋದರೆ ಎಷ್ಟು ಹೊತ್ತಿಗೆ ಬರುತ್ತದೆ ಎಂದು ಯಾರೂ ಕೇಳುವುದಿಲ್ಲ. ಫ್ರೀಜರ್ ಒಳ್ಳೆಯದೋ ಕೆಟ್ಟದ್ದೋ ಎಂದು ತೀರ್ಮಾನವಾಗುವುದು ಈ ಮೂರರ ಮೇಲೆ. ಲೀಟರು ಬರೀ ಜಾಗದ ಅಳತೆ.

ನಮ್ಮಲ್ಲಿ ಪ್ರತ್ಯೇಕ ಫ್ರೀಜರ್ ಎಂದರೆ ಬಹುಕಾಲ ಐಸ್‌ಕ್ರೀಂ ಅಂಗಡಿಯ ಸಾಮಾನಾಗಿತ್ತು. ಈಗ ಮನೆಗೂ ಬರುತ್ತಿದೆ, ಬರಲು ಕಾರಣವೂ ಇದೆ. ಡಿಸೆಂಬರ್–ಜನವರಿಯಲ್ಲಿ ಮಾಗಡಿ ಕಡೆಯ ಸೊಗಡಿನ ಅವರೆ ಬಂದಾಗ ಮೂಟೆಗಟ್ಟಲೆ ತಂದು ಹಿಸುಕಿ ಬೇಳೆ ಮಾಡಿಡುವ ಮನೆಗಳಿವೆ. ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಮೇ ಮುಗಿಯುವುದರೊಳಗೆ ಅಂಜಲ್, ಬಂಗುಡೆ ಕೂಡಿಡುವವರಿದ್ದಾರೆ. ಮಲೆನಾಡಿನಲ್ಲಿ ಹಲಸಿನ ತೊಳೆ. ಫ್ರಿಜ್ಜಿನ ತಲೆಯ ಮೇಲಿನ ಸಣ್ಣ ಖಾನೆಗೆ ಇದ್ಯಾವುದೂ ಹಿಡಿಸುವುದಿಲ್ಲ.

ಮಲಗಿಸಿದ ಪೆಟ್ಟಿಗೆಯ ಚೆಸ್ಟ್ ಫ್ರೀಜರ್ ಒಂದು ಕಡೆ, ಬೀರುವಿನಂತೆ ನಿಂತು ಮುಂದಕ್ಕೆ ಬಾಗಿಲು ತೆರೆಯುವ ಅಪ್‌ರೈಟ್ ಇನ್ನೊಂದು ಕಡೆ. ತಣ್ಣನೆಯ ಗಾಳಿ ಭಾರ. ಪೆಟ್ಟಿಗೆಯ ಮುಚ್ಚಳ ತೆಗೆದರೂ ಅದು ಒಳಗೇ ಕೂತಿರುತ್ತದೆ. ನಿಲುವು ಫ್ರೀಜರಿನ ಬಾಗಿಲು ತೆಗೆದರೆ ಕಾಲಿನ ಮೇಲೆ ಸುರಿದು ಹೋಗುತ್ತದೆ. ಭೌತಶಾಸ್ತ್ರದ ಲೆಕ್ಕದಲ್ಲಿ ಪೆಟ್ಟಿಗೆಯೇ ಗೆಲ್ಲುತ್ತದೆ, ಸಾಮಾನ್ಯವಾಗಿ ಬೆಲೆಯೂ ಕಡಿಮೆ. ಆದರೆ ಅದರ ತಳಕ್ಕೆ ಹೋದ ಪೊಟ್ಟಣ ಮತ್ತೆ ಬೆಳಕು ಕಾಣುವುದು ಮುಂದಿನ ಹಬ್ಬಕ್ಕೆ. ಸೊಂಟ ನೋವಿನವರು, ವಯಸ್ಸಾದವರು ಅದರೊಳಗೆ ಬಗ್ಗಿ ಹುಡುಕುವುದು ಕಷ್ಟ. ಅಪಾರ್ಟ್‌ಮೆಂಟಿನ ಅಡುಗೆಮನೆಯಲ್ಲಿ ಅಷ್ಟು ನೆಲವೂ ಇರುವುದಿಲ್ಲ. ನಿಲುವು ಫ್ರೀಜರಿನಲ್ಲಿ ಮುಂಭಾಗ ಮುಚ್ಚಿದ ಡ್ರಾಯರುಗಳಿದ್ದರೆ ಗಾಳಿ ಸುರಿಯುವ ದೋಷ ಬಹುಪಾಲು ತಗ್ಗುತ್ತದೆ. ಬರೀ ತಂತಿ ಶೆಲ್ಫು ಇರುವ ಮಾದರಿಯನ್ನು ನಾನಂತೂ ಮನೆಗೆ ಶಿಫಾರಸು ಮಾಡಲಾರೆ.

ಇನ್ನು ನಕ್ಷತ್ರಗಳ ಗೊಂದಲ. ಕೊಳ್ಳುವವರು ಹೆಚ್ಚು ಮೋಸಹೋಗುವುದು ಇಲ್ಲೇ, ಅದೂ ಯಾರೂ ಸುಳ್ಳು ಹೇಳದೆಯೇ. ಬಿಇಇ ಲೇಬಲ್ಲಿನಲ್ಲಿ ಒಂದರಿಂದ ಐದರವರೆಗಿನ ನಕ್ಷತ್ರ ಹೇಳುವುದು ವಿದ್ಯುತ್ ಮಿತವ್ಯಯವನ್ನು ಮಾತ್ರ. ಅದಲ್ಲದೆ ಫ್ರೀಜರಿನ ಒಳಗೋ ಬಾಗಿಲಿನ ಮೇಲೋ ಸಣ್ಣದಾಗಿ ಅಚ್ಚಾದ ಇನ್ನೊಂದು ನಕ್ಷತ್ರದ ಸಾಲು ಇರುತ್ತದೆ. ಅದು ಚಳಿಯ ದರ್ಜೆ. ಒಂದು ನಕ್ಷತ್ರವೆಂದರೆ ಮೈನಸ್ 6 ಡಿಗ್ರಿ, ಎರಡೆಂದರೆ ಮೈನಸ್ 12, ಮೂರೆಂದರೆ ಮೈನಸ್ 18. ಮೂರರ ಮುಂದೆ ದೊಡ್ಡದೊಂದು ನಕ್ಷತ್ರ ಸೇರಿ ನಾಲ್ಕಾದರೆ ಮಾತ್ರ ಅದು ಹಸಿ ಪದಾರ್ಥವನ್ನು ತಾನೇ ಹೆಪ್ಪುಗಟ್ಟಿಸಬಲ್ಲ ಯಂತ್ರ. ಮೂರು ನಕ್ಷತ್ರದ್ದು ಆಗಲೇ ಗಟ್ಟಿಯಾಗಿರುವುದನ್ನು ಕಾಯ್ದುಕೊಳ್ಳುತ್ತದೆ, ಅಷ್ಟೆ. ‘ಇದು ಫೈವ್ ಸ್ಟಾರ್’ ಎಂದು ಮಾರಾಟಗಾರ ಬೆರಳು ತೋರಿಸಿದಾಗ ಅವನು ತೋರಿಸುತ್ತಿರುವುದು ಕರೆಂಟಿನ ಬಿಲ್ಲನ್ನು. ನಿಮ್ಮ ಅವರೆಬೇಳೆಗೆ ಬೇಕಾದ ನಕ್ಷತ್ರ ಬೇರೆ.

ಅಂತರರಾಷ್ಟ್ರೀಯ ಮಾನದಂಡದಂತೆ ನಾಲ್ಕು ನಕ್ಷತ್ರದ ಫ್ರೀಜರು ಪ್ರತಿ 100 ಲೀಟರಿಗೆ ದಿನಕ್ಕೆ ಕನಿಷ್ಠ 4.5 ಕೆಜಿ ಹೆಪ್ಪುಗಟ್ಟಿಸಬೇಕು. ಅಂದರೆ 200 ಲೀಟರಿನದ್ದಕ್ಕೆ ದಿನಕ್ಕೆ 9 ಕೆಜಿ. ಈ ಅಂಕಿ ಒಂದೇ ಗಾತ್ರದ ಎರಡು ಮಾದರಿಗಳಲ್ಲಿ ಬೇರೆಬೇರೆ ಇರಬಹುದು. ಡೇಟಾ ಶೀಟಿನಲ್ಲಿ ಹುಡುಕಿದರೆ ಸಿಗುತ್ತದೆ, ಅಂಗಡಿಯ ಬೋರ್ಡಿನ ಮೇಲೆ ಸಿಗುವುದಿಲ್ಲ. ರುಚಿ ನಿಂತಿರುವುದು ಇದರ ಮೇಲೆ. ನೀರು ಐಸಾಗುವ ಘಟ್ಟ, ಸುಮಾರು ಮೈನಸ್ 1ರಿಂದ ಮೈನಸ್ 5 ಡಿಗ್ರಿ, ನಿಧಾನವಾಗಿ ದಾಟಿದರೆ ದೊಡ್ಡ ದೊಡ್ಡ ಹರಳು ಕಟ್ಟಿ ಕಾಳಿನ, ಮೀನಿನ ಕಣಗಳನ್ನು ಸೀಳಿಹಾಕುತ್ತದೆ. ಬೇಗ ದಾಟಿದರೆ ಹರಳು ಸಣ್ಣದು, ಹಾನಿಯೂ ಸಣ್ಣದು. ಅಮೆರಿಕದ ಕ್ಲಾರೆನ್ಸ್ ಬರ್ಡ್ಸ್ಐ ನೂರು ವರ್ಷದ ಹಿಂದೆ ಲ್ಯಾಬ್ರಡಾರಿನ ಕಡುಚಳಿಯಲ್ಲಿ ಇನ್ಯೂಟರು ಹಿಡಿದ ಮೀನು ಗಾಳಿಗೊಡ್ಡಿದ ಕೂಡಲೇ ಕಲ್ಲಾಗುವುದನ್ನೂ, ಬೇಯಿಸಿದಾಗ ತಾಜಾ ರುಚಿ ಕೊಡುವುದನ್ನೂ ನೋಡಿ ಕಲಿತ ಪಾಠ ಇದೇ. ಫ್ರೋಜನ್ ಆಹಾರದ ಉದ್ಯಮ ಬೆಳೆದದ್ದು ಅದರ ಮೇಲೆ.

ನಿಧಾನವಾಗಿ ಗಟ್ಟಿಯಾದ ಹಿಸುಕಿದ ಬೇಳೆಯನ್ನು ತಟ್ಟೆಗೆ ಸುರಿದು ಕರಗಲು ಬಿಟ್ಟು ನೋಡಿ. ತಟ್ಟೆಯ ಅಂಚಿನಲ್ಲಿ ಹಸಿರು ಛಾಯೆಯ ನೀರು ನಿಲ್ಲುತ್ತದೆ, ಬೇಳೆ ಬೆರಳಿಗೆ ಮೆದುವಾಗಿ ಬಿರಿಯುತ್ತದೆ, ಸಾರಿಗೆ ಹಾಕಿದರೆ ಅರ್ಧ ಕರಗಿಯೇ ಹೋಗುತ್ತದೆ. ಇದರಲ್ಲಿ ಯಂತ್ರದ ತಪ್ಪು ಎಷ್ಟೋ ನಮ್ಮದೂ ಅಷ್ಟೇ. ಐದು ಕೆಜಿಯನ್ನು ಒಂದೇ ದೊಡ್ಡ ಕವರಿಗೆ ತುಂಬಿ ತುರುಕಿದರೆ ಯಾವ ಫ್ರೀಜರೂ ಅದರ ನಡುವಿಗೆ ಬೇಗ ಚಳಿ ಮುಟ್ಟಿಸಲಾರದು. ಕುದಿಯುವ ನೀರಲ್ಲಿ ಒಂದೆರಡು ನಿಮಿಷ ಅದ್ದಿ, ತಣ್ಣೀರಿಗೆ ಹಾಕಿ, ಬಸಿದು, ತೆಳುವಾಗಿ ಹರಡಿ ಗಟ್ಟಿ ಮಾಡಿ, ಆಮೇಲೆ ಕಟ್ಟಬೇಕು. ಬಿಸಿನೀರು ಕಾಣದ ಕಾಳಿನಲ್ಲಿ ಕಿಣ್ವಗಳು ಮೈನಸ್ 18ರಲ್ಲೂ ಮೆಲ್ಲಗೆ ಕೆಲಸ ಮಾಡುತ್ತಲೇ ಇರುತ್ತವೆ. ಬೂತಾಯಿ, ಬಂಗುಡೆಯಂಥ ಎಣ್ಣೆ ಮೀನಂತೂ ಎರಡು ಮೂರು ತಿಂಗಳಿಗೇ ಕಮಟು ಹಿಡಿಯತೊಡಗುತ್ತದೆ; ನಿಷೇಧದ ಎರಡು ತಿಂಗಳಿಗೆ ಸರಿ, ದೀಪಾವಳಿಗೆ ಅಲ್ಲ.

ಡೈರೆಕ್ಟ್ ಕೂಲ್ ಮತ್ತು ಫ್ರಾಸ್ಟ್ ಫ್ರೀ ನಡುವಿನ ಆಯ್ಕೆಯಲ್ಲಿ ಮಾರಾಟಗಾರರೆಲ್ಲ ಎರಡನೆಯದರ ಕಡೆ. ನಾನು ಅಷ್ಟು ಬೇಗ ಒಪ್ಪಲಾರೆ. ಡೈರೆಕ್ಟ್ ಕೂಲ್ ನಿಲುವು ಫ್ರೀಜರಿನಲ್ಲಿ ತಂಪಿನ ಕೊಳವೆ ಒಂದೊಂದು ಶೆಲ್ಫಿನಲ್ಲೂ ಹಾದುಹೋಗಿರುತ್ತದೆ. ಅಂಗಡಿಯಲ್ಲಿ ಡ್ರಾಯರನ್ನು ಪೂರ್ತಿ ಎಳೆದು ತೆಗೆದು ಮೇಲಿನ ತಟ್ಟನ್ನು ಕೈಯಿಂದ ಸವರಿದರೆ ಆ ಸಾಲು ಕೈಗೆ ಸಿಗುತ್ತದೆ. ತೆಳ್ಳಗಿನ ಪೊಟ್ಟಣವನ್ನು ನೇರ ಅದಕ್ಕೆ ತಾಗಿಸಿಟ್ಟರೆ ಬೇಗ ಕಲ್ಲಾಗುತ್ತದೆ. ಫ್ಯಾನಿಲ್ಲ, ಹೀಟರಿಲ್ಲ, ಕೆಡುವ ಭಾಗ ಕಡಿಮೆ. ಆದರೆ ಹಿಮ ಕಟ್ಟುತ್ತದೆ. ಅರ್ಧ ಸೆಂಟಿಮೀಟರಿನಷ್ಟು ದಪ್ಪವಾದಾಗ ಎಲ್ಲವನ್ನೂ ಹೊರಗಿಟ್ಟು ಕರಗಿಸಬೇಕು. ಫ್ರಾಸ್ಟ್ ಫ್ರೀಯಲ್ಲಿ ಆ ರಗಳೆಯಿಲ್ಲ. ಬದಲಿಗೆ ಸದಾ ಬೀಸುವ ಒಣಗಾಳಿ ಸರಿಯಾಗಿ ಸುತ್ತದ ಮೀನಿನ ತೇವ ಹೀರಿ ಅದರ ಮೈಯನ್ನು ಬಿಳಿಚಿದ ರಟ್ಟಿನಂತೆ ಮಾಡುತ್ತದೆ.

ಹಾಗಾದರೆ ಯಾವುದು? ಹವೆ ನೋಡಿ ಹೇಳಬೇಕು. ಮಂಗಳೂರು, ಉಡುಪಿಯ ತೇವದಲ್ಲಿ ಡೈರೆಕ್ಟ್ ಕೂಲ್‌ನೊಳಗೆ ಹಿಮ ಬೇಗ ಬೆಳೆಯುತ್ತದೆ. ಅಲ್ಲಿ ಫ್ರಾಸ್ಟ್ ಫ್ರೀ ಕೊಂಡು ಸುತ್ತುವುದರಲ್ಲಿ ಶಿಸ್ತು ಕಲಿಯುವುದು ಜಾಣತನ. ಬೆಂಗಳೂರು, ಮೈಸೂರು, ಹಾಸನದ ಒಣಹವೆಗೆ ಡೈರೆಕ್ಟ್ ಕೂಲ್ ಧಾರಾಳವಾಗಿ ಸಾಕು. ಕಲಬುರಗಿ, ರಾಯಚೂರಿನವರು ಮೊದಲು ನೋಡಬೇಕಾದ್ದು ಇದನ್ನಲ್ಲ, ಹಿಂಬದಿಯ ಪಟ್ಟಿಯಲ್ಲಿರುವ ಹವಾಮಾನ ದರ್ಜೆಯನ್ನು. ‘ಎನ್’ ಎಂದಿದ್ದರೆ ಅದು 32 ಡಿಗ್ರಿಯವರೆಗಿನ ಕೋಣೆಗೆ ಮಾಡಿದ್ದು. ‘ಟಿ’ ಎಂದಿದ್ದರೆ 43ರವರೆಗೆ. ಅಲ್ಲಿಯ ಬೇಸಿಗೆಗೆ ಎರಡನೆಯದೇ ಬೇಕು.

ಕರೆಂಟಿನ ಮಾತು. ಅಮೆರಿಕದ ಕೃಷಿ ಇಲಾಖೆಯ ಸಲಹೆಯಂತೆ ಬಾಗಿಲು ತೆರೆಯದಿದ್ದರೆ ತುಂಬಿದ ಫ್ರೀಜರು ಸುಮಾರು 48 ಗಂಟೆ, ಅರ್ಧ ತುಂಬಿದ್ದು 24 ಗಂಟೆ ಚಳಿ ಹಿಡಿದಿಡುತ್ತದೆ. ನಮ್ಮ ಬೇಸಿಗೆಯ ಅಡುಗೆಮನೆಯಲ್ಲಿ, ಅದೂ ನಿಲುವು ಮಾದರಿಯಲ್ಲಿ, ಅಷ್ಟು ನಂಬಬೇಡಿ. ಡೇಟಾ ಶೀಟಿನಲ್ಲಿ ಕರೆಂಟಿಲ್ಲದೆ ಎಷ್ಟು ಗಂಟೆ ತಡೆಯುತ್ತದೆ ಎಂಬ ಅಂಕಿಯೂ ಇರುತ್ತದೆ. ಎರಡು ಮಾದರಿಗಳ ನಡುವೆ ತೂಗುವಾಗ ಮೊದಲು ನೋಡಬೇಕಾದ್ದು ಇದೇ. ಮಳೆಗಾಲದಲ್ಲಿ ಮರ ಬಿದ್ದು ಎರಡು ಮೂರು ದಿನ ಲೈನು ಹೋಗುವ ಮಲೆನಾಡಿನ ಒಂಟಿಮನೆಗಳಿಗೆ ನಿಲುವು ಫ್ರೀಜರು ಸರಿಯಾದ ವಸ್ತುವೇ ಅಲ್ಲ. ಅಲ್ಲಿ ಪೆಟ್ಟಿಗೆಯನ್ನೇ ತನ್ನಿ, ಖಾಲಿ ಜಾಗಕ್ಕೆ ನೀರಿನ ಬಾಟಲಿ ತುಂಬಿಡಿ. ಮನೆಯ ಯುಪಿಎಸ್‌ಗೆ ಜೋಡಿಸುವ ಯೋಚನೆಯಿದ್ದರೆ ಅದು ಸೈನ್ ವೇವ್‌ನದ್ದಾಗಿರಲಿ, ಫ್ರೀಜರಿನದು ಇನ್ವರ್ಟರ್ ಕಂಪ್ರೆಸರ್ ಆಗಿರಲಿ. ಹಳೆಯ ಬಗೆಯ ಕಂಪ್ರೆಸರು ಶುರುವಾಗುವಾಗ ಎಳೆಯುವ ಕರೆಂಟಿಗೆ ಸಣ್ಣ ಯುಪಿಎಸ್ ಕೈಚೆಲ್ಲುತ್ತದೆ.

ಬಿಲ್ಲಿನ ಲೆಕ್ಕವೂ ಇದೆ. ಲೇಬಲ್ಲಿನಲ್ಲಿ ವರ್ಷಕ್ಕೆ 300 ಯೂನಿಟ್ ಎಂದಿದ್ದರೆ ತಿಂಗಳಿಗೆ 25 ಬಿತ್ತು. ಕೇಳಲು ಸಣ್ಣದು. ಆದರೆ 2023ರ ಜುಲೈನಿಂದ ರಾಜ್ಯದ ಉಚಿತ ವಿದ್ಯುತ್ ಯೋಜನೆಯಾದ ಗೃಹಜ್ಯೋತಿಯಲ್ಲಿರುವ ಮನೆಗಳಿಗೆ ಉಚಿತ ಸಿಗುವುದು ಹಿಂದಿನ ಸರಾಸರಿಯ ಮೇಲೆ ಸ್ವಲ್ಪ ಸೇರಿಸಿದಷ್ಟೇ; ಆ ತಿಂಗಳು 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು ಕಟ್ಟಬೇಕು. 185ರ ಆಸುಪಾಸಿನಲ್ಲಿರುವ ಮನೆಗೆ ಫ್ರೀಜರಿನ ನಿಜವಾದ ಖರ್ಚು ಆ 25 ಯೂನಿಟ್ಟಿಗಿಂತ ಬಹಳ ದೊಡ್ಡದು. ಇದನ್ನು ಯಾವ ಅಂಗಡಿಯವರೂ ಹೇಳಿದ್ದು ನಾನು ಕೇಳಿಲ್ಲ.

ಉಳಿದವು ಬೇಗ ಮುಗಿಯುವ ಮಾತು. ವೈಫೈ ದಂಡ. ಗಾಜಿನ ಬಾಗಿಲು ಅಂಗಡಿಗೆ ಚೆಂದ, ಮನೆಗೆ ಬೇಡ. ಫ್ರಿಜ್ಜಾಗಿಯೂ ಫ್ರೀಜರಾಗಿಯೂ ಬದಲಾಗುವ ಕನ್ವರ್ಟಿಬಲ್ ಮಾದರಿಯಲ್ಲಿ ದಿನಕ್ಕೆ ಎಷ್ಟು ಕೆಜಿ ಎಂಬ ಅಂಕಿ ನೋಡದೆ ಮುಂದುವರಿಯಬೇಡಿ. ಬಾಗಿಲು ಸರಿಯಾಗಿ ಮುಚ್ಚದಿದ್ದರೆ ಕೂಗುವ ಅಲಾರಂ ಮಾತ್ರ ಕೊಟ್ಟ ಕಾಸಿಗೆ ಮೋಸವಿಲ್ಲದ ಸವಲತ್ತು. ತಂಪಿನ ಕೊಳವೆಯಲ್ಲಿ ಆರ್-600ಎ ಅನಿಲವಿದ್ದರೆ ಒಳ್ಳೆಯದು, ಹಳೆಯ ಆರ್-134ಎಗಿಂತ ವಾತಾವರಣಕ್ಕೆ ಆಗುವ ಹಾನಿ ಎಷ್ಟೋ ಪಾಲು ಕಡಿಮೆ. ಆದರೆ ಹತ್ತಿ ಉರಿಯುವ ಅನಿಲವದು, ಹಿಮ ಕೆರೆಯಲು ಚಾಕು ಹಿಡಿಯಬೇಡಿ. ಬಾಗಿಲಿನ ರಬ್ಬರಿನ ನಡುವೆ ಹತ್ತು ರೂಪಾಯಿ ನೋಟಿಟ್ಟು ಮುಚ್ಚಿ ಎಳೆಯಿರಿ. ಸುತ್ತ ನಾಲ್ಕೂ ಬದಿಯಲ್ಲಿ ಬಿಗಿಯಾಗಿ ಹಿಡಿದುಕೊಂಡರೆ ಸರಿ. ಕೆಳಗಿನ ಮೂಲೆಯಲ್ಲಿ ಜಾರಿ ಬಂದರೆ ಬೇರೆ ಪೀಸು ತೋರಿಸಲು ಹೇಳಿ.

ನಾಲ್ಕೈದು ಜನರ ಮನೆಗೆ 150ರಿಂದ 200 ಲೀಟರಿನ, ನಾಲ್ಕು ನಕ್ಷತ್ರದ, ಮುಚ್ಚಿದ ಡ್ರಾಯರುಗಳ ನಿಲುವು ಫ್ರೀಜರ್ ಸಾಕು. ಅದಕ್ಕಿಂತ ದೊಡ್ಡದು ಅರ್ಧ ಖಾಲಿಯಿದ್ದೇ ಓಡುತ್ತದೆ. ದುಡ್ಡು ಕೊಡುವ ಮೊದಲು ಡೇಟಾ ಶೀಟ್ ಕೇಳಿ, ದಿನಕ್ಕೆ ಎಷ್ಟು ಕೆಜಿ, ಕರೆಂಟಿಲ್ಲದೆ ಎಷ್ಟು ಗಂಟೆ ಎಂಬ ಎರಡು ಸಾಲು ಓದಿ. ಆ ಹಾಳೆ ತೋರಿಸದ ಅಂಗಡಿಯಲ್ಲಿ ಕೊಳ್ಳಬೇಡಿ.