ಎದೆಯ ಮೇಲಿನ ನಗು ಯಾರದು?

ಕಾರ್ಟೂನಿಗೆ ಕನ್ನಡದಲ್ಲಿ ನಾವು ‘ವ್ಯಂಗ್ಯಚಿತ್ರ’ ಎನ್ನುತ್ತೇವೆ. ಕಾವ್ಯಮೀಮಾಂಸೆಯ ಪಾಠ ಕೇಳಿದವರಿಗೆ ‘ವ್ಯಂಗ್ಯ’ದ ಇನ್ನೊಂದು ಅರ್ಥವೂ ಗೊತ್ತು: ಮಾತು ನೇರವಾಗಿ ಹೇಳಿದ್ದು ವಾಚ್ಯ, ಹೇಳದೆಯೇ ಹೊಳೆಯಿಸಿದ್ದು ವ್ಯಂಗ್ಯ. ಅಮೆರಿಕದ ಹಳೆಯ ಕ್ರೀಡಾ ಸ್ವೆಟ್‌ಶರ್ಟ್‌ಗಳ ಮೇಲಿನ ಕಾರ್ಟೂನುಗಳನ್ನು ಓದುವಾಗ ಈ ಎರಡೂ ಅರ್ಥಗಳು ಬೇಕಾಗುತ್ತವೆ. ಅವುಗಳ ವಾಚ್ಯ ಬಹಳ ಸರಳ: ‘ನಾನು ಈ ತಂಡದ ಕಡೆಯವನು.’ ವ್ಯಂಗ್ಯ ಮಾತ್ರ ಅಷ್ಟು ಸರಳವಲ್ಲ.

‘ವಿಂಟೇಜ್’ ಎಂಬ ಹೆಸರಿನಲ್ಲಿ ಈ ಅಂಗಿಗಳು ಈಗ ಮತ್ತೆ ಬಿಕರಿಯಾಗುತ್ತಿವೆ. ಮಾಸಿದ ಬಣ್ಣ, ಬಿರುಕುಬಿಟ್ಟ ಚಿತ್ರ, ಇವೇ ಅವುಗಳ ಆಕರ್ಷಣೆ. ಹಳತಾದದ್ದೆಲ್ಲ ತಾನಾಗಿಯೇ ಮುಗ್ಧವಾಗಿಬಿಡುತ್ತದೆಯೇ ಎಂಬುದು ನನ್ನ ಪ್ರಶ್ನೆ.

ಸ್ವೆಟ್‌ಶರ್ಟ್ ಹುಟ್ಟಿದ್ದು, ಹೆಸರೇ ಹೇಳುವಂತೆ, ಬೆವರಿಗಾಗಿ. 1926ರಲ್ಲಿ ಅಲಬಾಮಾ ವಿಶ್ವವಿದ್ಯಾಲಯದ ಫುಟ್‌ಬಾಲ್ ಆಟಗಾರ ಬೆಂಜಮಿನ್ ರಸೆಲ್ ಜೂನಿಯರ್ ಮೈ ತುರಿಸುವ ಉಣ್ಣೆಯ ಜೆರ್ಸಿಯಿಂದ ಬೇಸತ್ತು, ಬಟ್ಟೆ ತಯಾರಿಸುತ್ತಿದ್ದ ತಂದೆಗೆ ಹತ್ತಿಯ ಅಂಗಿ ಮಾಡಿಕೊಡಲು ಹೇಳಿದ ಎಂಬುದು ಪ್ರಚಲಿತ ಕತೆ. ಆಟಗಾರನ ಅಭ್ಯಾಸದ ಉಡುಪು ಬರಬರುತ್ತಾ ವಿದ್ಯಾರ್ಥಿಯ ಉಡುಪಾಯಿತು, ಆಮೇಲೆ ಅಭಿಮಾನಿಯದಾಯಿತು. 1930ರ ದಶಕದಲ್ಲೇ ಮಿಕ್ಕಿ ಮೌಸ್ ಚಿತ್ರದ ಮಕ್ಕಳ ಸ್ವೆಟ್‌ಶರ್ಟ್‌ಗಳು ಅಂಗಡಿಗೆ ಬಂದಿದ್ದವು. ಗುಂಡಿಯಿಲ್ಲದ ಆ ಅಗಲವಾದ ಎದೆಭಾಗ ಚಿತ್ರಕ್ಕೆ ಹೇಳಿ ಮಾಡಿಸಿದ ಹಾಳೆಯಂತಿತ್ತು.

ಇಂಥ ಉಡುಪುಗಳ ಮೇಲೆ ಕುಳಿತ ಎರಡು ಚಿತ್ರಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡೋಣ. ಎರಡರ ಕತೆಯೂ 1947ಕ್ಕೆ ಸೇರಿದ್ದು.

ಮೊದಲನೆಯದು ಆರೆಗನ್ ವಿಶ್ವವಿದ್ಯಾಲಯದ ಬಾತುಕೋಳಿ. ಅಲ್ಲಿನ ಕ್ರೀಡಾ ನಿರ್ದೇಶಕ ಲಿಯೊ ಹ್ಯಾರಿಸ್ ಮತ್ತು ವಾಲ್ಟ್ ಡಿಸ್ನಿ ಕೈಕುಲುಕಿ, ಡೊನಾಲ್ಡ್ ಡಕ್‌ನ ರೂಪವನ್ನು ತಂಡದ ಮ್ಯಾಸ್ಕಾಟ್ ಆಗಿ ಬಳಸಬಹುದೆಂದು ಬಾಯಿಮಾತಿನಲ್ಲಿ ಒಪ್ಪಿಕೊಂಡರು. ಡಿಸ್ನಿ 1966ರಲ್ಲಿ ತೀರಿಕೊಂಡರು. ಮುಂದೆ ಕಂಪನಿಯ ವಕೀಲರು ‘ಕರಾರು ಎಲ್ಲಿ?’ ಎಂದು ಕೇಳಿದಾಗ ವಿಶ್ವವಿದ್ಯಾಲಯದ ಬಳಿ ಕಾಗದವಿರಲಿಲ್ಲ, ಒಂದು ಫೋಟೊ ಇತ್ತು. ಅದರಲ್ಲಿ ಡಿಸ್ನಿ ಮತ್ತು ಹ್ಯಾರಿಸ್ ಇಬ್ಬರೂ ಬಾತುಕೋಳಿಯ ಚಿತ್ರವಿದ್ದ ಆರೆಗನ್ ಜಾಕೆಟ್ ತೊಟ್ಟಿದ್ದರು. ತೊಟ್ಟ ಉಡುಪೇ ಒಪ್ಪಿಗೆಯ ಸಾಕ್ಷಿಯಾಗಿ, 1973ರಲ್ಲಿ ಲಿಖಿತ ಒಪ್ಪಂದವಾಯಿತು.

ಎರಡನೆಯದು ಕ್ಲೀವ್‌ಲ್ಯಾಂಡಿನ ಬೇಸ್‌ಬಾಲ್ ತಂಡದ ‘ಚೀಫ್ ವಾಹೂ’. ತಂಡದ ಹೆಸರು ಆಗ ‘ಇಂಡಿಯನ್ಸ್’. ಮಾಲೀಕ ಬಿಲ್ ವೀಕ್‌ಗೆ ಸಂತೋಷ, ಉತ್ಸಾಹ ಉಕ್ಕುವ ಲಾಂಛನ ಬೇಕಿತ್ತು. ಅದನ್ನು ಬರೆದವನು ವಾಲ್ಟರ್ ಗೋಲ್ಡ್‌ಬಾಕ್ ಎಂಬ 17 ವರ್ಷದ ಹುಡುಗ. 1951ರಲ್ಲಿ ತಿದ್ದಿದ ಮೇಲೆ ಆ ಮುಖ ಕಡುಕೆಂಪಾಯಿತು. ತಲೆಯಲ್ಲಿ ಒಂದು ಗರಿ, ಕಿವಿಯಿಂದ ಕಿವಿಗೆ ಹಲ್ಲುಕಿರಿದ ನಗು.

ಚಿತ್ರಕಲೆಯ ದೃಷ್ಟಿಯಿಂದ ಎರಡರ ವ್ಯಾಕರಣವೂ ಒಂದೇ: ದಪ್ಪ ಗೆರೆ, ಕೆಲವೇ ಬಣ್ಣ, ಉಬ್ಬಿಸಿ ಬರೆದ ಕಣ್ಣು ಬಾಯಿ. ವ್ಯತ್ಯಾಸ ಇರುವುದು ಗೆರೆಯ ಹಿಂದೆ. ಬಾತುಕೋಳಿಯ ಕೊಕ್ಕನ್ನು ಎಷ್ಟು ಎಳೆದರೂ ಯಾವ ಬಾತುಕೋಳಿಗೂ ನೋವಾಗದು. ವಾಹೂವಿನ ಹಿಂದೆ, ನೆಲ ಕಳೆದುಕೊಂಡ ಮೂಲನಿವಾಸಿ ಜನರಿದ್ದಾರೆ. ಅವರನ್ನು ನಗುತ್ತಿರುವಂತೆ ಬರೆದದ್ದರಲ್ಲಿಯೇ ಅದರ ವ್ಯಂಗ್ಯಾರ್ಥ ಇದೆ: ‘ನೋಡಿ, ಅವರಿಗೇನೂ ಬೇಸರವಿಲ್ಲ.’ ಅವರು ಕೊಡದಿದ್ದ ಒಪ್ಪಿಗೆಯನ್ನು ಚಿತ್ರದ ನಗು ಅವರ ಪರವಾಗಿ ಕೊಟ್ಟುಬಿಡುತ್ತದೆ.

ಎರಡು ಕತೆಗಳನ್ನು ಜೊತೆಗಿಟ್ಟಾಗ ನನ್ನನ್ನು ಕಾಡಿದ್ದು ಇದೇ. ಬಾತುಕೋಳಿಗೆ ಯಜಮಾನರಿದ್ದರು, ಹಾಗಾಗಿ ಅನುಮತಿಯ ಪುರಾವೆಗೆ ಹಳೆಯ ಫೋಟೊ ಹುಡುಕಬೇಕಾಯಿತು. ವಾಹೂವಿನ ವಿಷಯದಲ್ಲಿ ಆ ಮುಖದ ಜನರನ್ನು ಯಾರೂ ಕೇಳಲಿಲ್ಲ. ಬರೆದ ಚಿತ್ರದ ಒಡೆತನಕ್ಕೆ ಸಿಕ್ಕ ಮರ್ಯಾದೆ ಚಿತ್ರಕ್ಕೆ ವಸ್ತುವಾದ ಮನುಷ್ಯರಿಗೆ ಸಿಗಲಿಲ್ಲ. ಅವರು ಸುಮ್ಮನೆಯೇನೂ ಇರಲಿಲ್ಲ. 1972ರಲ್ಲೇ ಕ್ಲೀವ್‌ಲ್ಯಾಂಡಿನ ಮೂಲನಿವಾಸಿಗಳ ಸಂಘಟನೆ ನ್ಯಾಯಾಲಯಕ್ಕೆ ಹೋಗಿತ್ತು. 2005ರಲ್ಲಿ ಅಮೆರಿಕದ ಮನೋವಿಜ್ಞಾನಿಗಳ ಸಂಘ ಇಂಥ ಮ್ಯಾಸ್ಕಾಟ್‌ಗಳನ್ನು ಕೈಬಿಡಬೇಕೆಂದು ನಿರ್ಣಯಿಸಿತು. ಆದರೂ ವಾಹೂ ಆಟಗಾರರ ಸಮವಸ್ತ್ರದಿಂದ ಇಳಿದದ್ದು 2018ರ ಋತು ಮುಗಿದ ಮೇಲೆ.

ಈ ಚಿತ್ರಕ್ಕೆ ನಾನು ಓದಿದ ಅತ್ಯುತ್ತಮ ವಿಮರ್ಶೆ ಇನ್ನೊಂದು ಅಂಗಿಯ ಮೇಲೆಯೇ ಇದೆ. 2016ರಲ್ಲಿ ಕ್ರೀಡಾ ವಿಶ್ಲೇಷಕ ಬೊಮಾನಿ ಜೋನ್ಸ್ ಟಿವಿ ಕಾರ್ಯಕ್ರಮಕ್ಕೆ ಒಂದು ಟೀಶರ್ಟ್ ತೊಟ್ಟು ಬಂದರು. ಅದೇ ಲಾಂಛನ, ಅದೇ ನಗು, ಆದರೆ ಮುಖ ಬಿಳಿಯನದು, ಗರಿಯ ಜಾಗದಲ್ಲಿ ಡಾಲರ್ ಚಿಹ್ನೆ. ಅಕ್ಷರಗಳು ‘ಕಾಕೇಶಿಯನ್ಸ್’ ಎಂದಿದ್ದವು. ಅದು ದೊಡ್ಡ ಸುದ್ದಿಯಾಯಿತು. ದಶಕಗಳ ಕಾಲ ‘ಬರೀ ಕಾರ್ಟೂನ್’ ಎನಿಸಿಕೊಂಡದ್ದು ಬಣ್ಣ ಬದಲಾದ ಕೂಡಲೇ ವಿವಾದವಾದರೆ, ಮೊದಲಿನಿಂದಲೂ ಅದು ಬರೀ ಕಾರ್ಟೂನ್ ಆಗಿರಲಿಲ್ಲ ಎಂದಾಯಿತು.

ಇದಕ್ಕೆ ಒಂದು ಆಕ್ಷೇಪವಿದೆ, ತಳ್ಳಿಹಾಕುವಂಥದ್ದಲ್ಲ. ಹದಿನೇಳರ ಹುಡುಗನಲ್ಲಿ ದ್ವೇಷವಿರಲಿಲ್ಲ. ಅಪ್ಪನ ಕೈಹಿಡಿದು ಮೊದಲ ಪಂದ್ಯ ನೋಡಿದ ದಿನದ ನೆನಪಾಗಿ ಆ ಅಂಗಿಯನ್ನು ಮಡಿಸಿಟ್ಟುಕೊಂಡವರೂ ಇದ್ದಾರೆ. ಆ ನೆನಪು ಸುಳ್ಳಲ್ಲ. ಆದರೆ ಕೃತಿಯ ಧ್ವನಿ ಕರ್ತೃವಿನ ಉದ್ದೇಶಕ್ಕೆ ಕಟ್ಟುಬಿದ್ದಿಲ್ಲ ಎಂಬುದನ್ನು ಸಾಹಿತ್ಯದ ವಿದ್ಯಾರ್ಥಿಗಳಾದ ನಾವು ಕವಿತೆಯ ವಿಷಯದಲ್ಲಿ ಒಪ್ಪುತ್ತೇವೆ. ಬಟ್ಟೆಯ ವಿಷಯದಲ್ಲಿ ಒಪ್ಪದಿರಲು ಕಾರಣ ಕಾಣುವುದಿಲ್ಲ.

ಹಾಗೆಂದು ಹಳೆಯ ಅಂಗಿಗಳನ್ನು ಸುಡಬೇಕೆಂದು ನಾನು ಹೇಳುತ್ತಿಲ್ಲ. ಸುಟ್ಟರೆ ಓದಲು ಏನೂ ಉಳಿಯದು. ಪೆಟ್ಟಿಗೆಯಲ್ಲಿರುವಾಗ ಅದು ದಾಖಲೆ. ತೊಟ್ಟು ಬೀದಿಗೆ ಬಂದಾಗ ಅದು ಮತ್ತೆ ಮಾತಾಗುತ್ತದೆ, ಆ ಮಾತಿಗೆ ತೊಟ್ಟವರೇ ಹೊಣೆ. 1973ರಲ್ಲಿ ಡಿಸ್ನಿ ಕಂಪನಿಯ ವಕೀಲರು ಒಪ್ಪಿಕೊಂಡದ್ದೂ ಇದನ್ನೇ ತಾನೆ: ಚಿತ್ರವಿರುವ ಉಡುಪನ್ನು ತೊಡುವುದೆಂದರೆ ಅದಕ್ಕೆ ಒಪ್ಪಿಗೆ ಕೊಟ್ಟಂತೆ.