ಬಾಂದೋಲ್ ಕೆಂಪು ವೈನು: ಕಾಯುವಿಕೆ ಮತ್ತು ಊಟ

ದಕ್ಷಿಣ ಫ್ರಾನ್ಸಿನ ಪ್ರೊವಾನ್ಸ್ ಸೀಮೆಯಲ್ಲಿ, ಮಾರ್ಸೇ ಮತ್ತು ತೂಲೋನ್ ನಗರಗಳ ನಡುವೆ ಬಾಂದೋಲ್ ಎಂಬ ಸಣ್ಣ ಬಂದರು ಪಟ್ಟಣವಿದೆ. ಅದರ ಬೆನ್ನಿಗಿರುವ ಗುಡ್ಡಗಳಲ್ಲಿ, ಎಂಟು ಊರುಗಳ ಎಲ್ಲೆಯೊಳಗೆ ಬೆಳೆದ ದ್ರಾಕ್ಷಿಯ ವೈನಿಗೆ ಈ ಪಟ್ಟಣದ ಹೆಸರೇ ನಿಂತಿದೆ. ಹಿಂದೆ ಪೀಪಾಯಿಗಳು ಹಡಗು ಹತ್ತುತ್ತಿದ್ದದ್ದು ಇಲ್ಲಿಂದಲೇ. ಪ್ರೊವಾನ್ಸ್ ಎಂದರೆ ತಿಳಿ ಗುಲಾಬಿ ಬಣ್ಣದ ರೋಸೇ ವೈನು ಎಂಬ ಮಾತು ಈಗ ಲೋಕರೂಢಿ. ಬಾಂದೋಲ್‌ನಲ್ಲೂ ಹೆಚ್ಚು ತಯಾರಾಗುವುದು ರೋಸೇಯೇ. ಆದರೆ ಈ ನೆಲದ ನಿಜವಾದ ಸಾಧನೆ ಅದರ ಕೆಂಪು ವೈನು. ಹಾಗಿದ್ದೂ ಅದು ಒರಟು, ಒಗರು, ಬೆಲೆ ಹೆಚ್ಚು ಎಂಬ ದೂರು ಆಗಾಗ ಕೇಳಿಬರುತ್ತದೆ. ಈ ದೂರಿಗೆ ಕಾರಣ ವೈನಿಗಿಂತ ಹೆಚ್ಚಾಗಿ ಅದನ್ನು ಕುಡಿಯುವ ಕಾಲ ಮತ್ತು ಕ್ರಮದಲ್ಲಿದೆ.

ಬಾಂದೋಲ್‌ನ ಜೀವಾಳ ಮೂರ್ವೆದ್ರ ಎಂಬ ದ್ರಾಕ್ಷಿ. ಮೂಲತಃ ಸ್ಪೇನಿನದಾದ ಈ ತಳಿಯನ್ನು ಅಲ್ಲಿ ಮೊನಾಸ್ಟ್ರೆಲ್ ಎನ್ನುತ್ತಾರೆ. ಇದು ತಡವಾಗಿ ಚಿಗುರಿ ತಡವಾಗಿ ಹಣ್ಣಾಗುತ್ತದೆ. ಬಿಸಿಲು ಸಾಲದಿದ್ದರೆ ಹಣ್ಣು ಹಸಿಯಾಗಿಯೇ ಉಳಿಯುತ್ತದೆ, ನೀರು ಸಾಲದಿದ್ದರೆ ಬಳ್ಳಿ ಸೊರಗುತ್ತದೆ. ಮುಖಕ್ಕೆ ಸುಡುಬಿಸಿಲು, ಕಾಲಿಗೆ ಸಮುದ್ರ ಎರಡೂ ಬೇಕೆಂದು ಅಲ್ಲಿನ ಬೆಳೆಗಾರರು ಹೇಳುವುದು ಇದೇ ಕಾರಣಕ್ಕೆ. ಬಾಂದೋಲ್‌ನ ಗುಡ್ಡಗಳು ಅರ್ಧವೃತ್ತಾಕಾರದಲ್ಲಿ ದಕ್ಷಿಣಕ್ಕೆ, ಸಮುದ್ರದ ಕಡೆಗೆ ತೆರೆದುಕೊಂಡಿವೆ. ಕಡಲಿನಿಂದ ತೇವದ ಗಾಳಿ ಬರುತ್ತದೆ, ವಾಯವ್ಯದಿಂದ ಬೀಸುವ ಮಿಸ್ತ್ರಾಲ್ ಗಾಳಿ ಗೊಂಚಲುಗಳನ್ನು ಒಣಗಿಸಿ ಬೂಷ್ಟು ಹಿಡಿಯದಂತೆ ಕಾಯುತ್ತದೆ. ಸುಣ್ಣಕಲ್ಲಿನ ಇಳಿಜಾರುಗಳನ್ನು ಗಾರೆಯಿಲ್ಲದ ಕಲ್ಲುಗೋಡೆ ಕಟ್ಟಿ ಮೆಟ್ಟಿಲು ಗದ್ದೆಗಳಾಗಿ ಮಾಡಲಾಗಿದೆ. ಯಂತ್ರ ಇಳಿಯುವ ಜಾಗವಲ್ಲ, ಕೊಯ್ಲು ಕೈಯಿಂದಲೇ ಆಗಬೇಕು. ಹೆಕ್ಟೇರಿಗೆ 4,000 ಲೀಟರ್ ಮೀರಬಾರದೆಂಬ ನಿಯಮವೂ ಇದೆ. ಬೆಲೆ ಏರಲು ಇಷ್ಟು ಸಾಕು.

ಈ ತಳಿ ಒಮ್ಮೆ ಇಲ್ಲಿಂದ ಬಹುತೇಕ ಕಣ್ಮರೆಯಾಗಿತ್ತು. 19ನೆಯ ಶತಮಾನದ ಉತ್ತರಾರ್ಧದಲ್ಲಿ ಫಿಲಾಕ್ಸೆರಾ ಎಂಬ ಬೇರು ಹೀರುವ ಕೀಟ ಫ್ರಾನ್ಸಿನ ದ್ರಾಕ್ಷಿ ತೋಟಗಳನ್ನು ನಾಶಮಾಡಿದ ಮೇಲೆ, ರೈತರು ಹೆಚ್ಚು ಇಳುವರಿಯ ಸುಲಭ ತಳಿಗಳಿಗೆ ಒಲಿದರು. ಅದನ್ನು ಮರಳಿ ತಂದವರಲ್ಲಿ ಮುಖ್ಯರು ಲೂಸಿಯಾಂ ಪೇರೊ. 1936ರಲ್ಲಿ ಲೂಸಿ ತಾಂಪಿಯೇ ಅವರನ್ನು ಮದುವೆಯಾದ ಅವರಿಗೆ ಮಾವ ಕೀಟದ ಹಾವಳಿಗೂ ಮುಂಚಿನ ಒಂದು ಹಳೆಯ ಬಾಂದೋಲ್ ಬಾಟಲಿ ತೆರೆದು ಕೊಟ್ಟರೆಂದೂ, ಅದರ ರುಚಿಯೇ ಅವರ ದಾರಿಯನ್ನು ನಿಶ್ಚಯಿಸಿತೆಂದೂ ಆ ಮನೆತನದಲ್ಲಿ ಹೇಳುತ್ತಾರೆ. 1941ರಲ್ಲಿ ಬಾಂದೋಲ್‌ಗೆ ಎಓಸಿ, ಅಂದರೆ ಮೂಲಸ್ಥಾನದ ಹೆಸರಿನ ಅಧಿಕೃತ ಮಾನ್ಯತೆ ದೊರೆಯಿತು. ಕೆಂಪು ವೈನಿನಲ್ಲಿ ಮೂರ್ವೆದ್ರದ ಕಡ್ಡಾಯ ಪಾಲು ಮೊದಲು ತೀರಾ ಕಡಿಮೆಯಿತ್ತು, ಹಂತಹಂತವಾಗಿ ಏರಿ ಈಗ ಕನಿಷ್ಠ ಶೇ 50 ಆಗಿದೆ. ಉಳಿದದ್ದು ಹೆಚ್ಚಾಗಿ ಗ್ರೆನಾಶ್ ಮತ್ತು ಸಾನ್ಸೊ. ಮಾರಾಟಕ್ಕೆ ಬಿಡುವ ಮುನ್ನ ಕನಿಷ್ಠ 18 ತಿಂಗಳು ಮರದ ಪೀಪಾಯಿಯಲ್ಲಿ ಇರಿಸಲೇಬೇಕು.

ಪೀಪಾಯಿಯ ನಿಯಮ ಬರಿಯ ಸಂಪ್ರದಾಯವಲ್ಲ. ಮೂರ್ವೆದ್ರದ ವೈನು ಗಾಳಿಯಿಲ್ಲದೆ ಉಸಿರುಗಟ್ಟುವ ಸ್ವಭಾವದ್ದು. ಮುಚ್ಚಿದ ತೊಟ್ಟಿಯಲ್ಲಿಟ್ಟರೆ ಗಂಧಕದ ವಾಸನೆ ಕಟ್ಟಿಕೊಳ್ಳುತ್ತದೆ. ಹಳೆಯ ದೊಡ್ಡ ಪೀಪಾಯಿಯ ಮರ ತನ್ನ ರುಚಿಯನ್ನು ಬೆರೆಸದೆ ಗಾಳಿಯನ್ನಷ್ಟೇ ನಿಧಾನವಾಗಿ ಒಳಗೆ ಬಿಡುತ್ತದೆ. ಹೊಸ ಓಕ್ ಮರದ ಸಣ್ಣ ಪೀಪಾಯಿ ಬಳಸಿ ವೆನಿಲ್ಲಾ ಪರಿಮಳ ಹಚ್ಚಿದ ಬಾಂದೋಲ್ ಕೂಡ ಸಿಗುತ್ತದೆ. ಅದರಲ್ಲಿ ಈ ಗುಡ್ಡದ ಗುರುತು ಉಳಿಯುವುದಿಲ್ಲ.

ಎರಡು ಮೂರು ವರ್ಷದ ಬಾಂದೋಲ್ ಗ್ಲಾಸಿನಲ್ಲಿ ಕಡು ನೇರಳೆಯಾಗಿ, ಅಂಚಿನವರೆಗೂ ದಟ್ಟವಾಗಿ ಕಾಣುತ್ತದೆ. ಮೂಗಿಗೆ ಕಪ್ಪು ಹಣ್ಣು, ಜೇಷ್ಠಮಧು, ಕರಿಮೆಣಸು, ಸ್ವಲ್ಪ ಹಸಿ ಮಾಂಸದ ವಾಸನೆ. ಬಾಯಿಗಿಟ್ಟರೆ ಗೇರುಹಣ್ಣು ಕಚ್ಚಿದಂತೆ ಒಸಡು, ನಾಲಗೆ ಎಲ್ಲ ಬಿಗಿದುಕೊಳ್ಳುತ್ತವೆ. ದ್ರಾಕ್ಷಿಯ ಸಿಪ್ಪೆಯಿಂದ ಬಂದ ಟ್ಯಾನಿನ್ ಎಂಜಲಿನ ಪ್ರೋಟೀನಿಗೆ ಅಂಟಿ ಬಾಯಿಯ ಜಾರುವಿಕೆಯನ್ನು ಕಸಿಯುವುದರಿಂದ ಹೀಗಾಗುತ್ತದೆ. ಎಂಟು ಹತ್ತು ವರ್ಷ ಕಳೆದ ಮೇಲೆ ಅದೇ ವೈನು ಇಟ್ಟಿಗೆ ಬಣ್ಣಕ್ಕೆ ತಿರುಗುತ್ತದೆ. ಹಣ್ಣು ಹಿಂದೆ ಸರಿದು ಚರ್ಮ, ಹೊಗೆಸೊಪ್ಪು, ಒದ್ದೆ ತರಗೆಲೆ, ಆ ಗುಡ್ಡಗಳಲ್ಲಿ ತಾನೇ ಬೆಳೆಯುವ ಥೈಮ್ ಮತ್ತು ರೋಸ್ಮರಿ ಗಿಡಗಳ ಘಮ ಮುಂದೆ ಬರುತ್ತವೆ. ಒಗರು ಹೋಗುವುದಿಲ್ಲ, ಮೆದುವಾಗುತ್ತದೆ. ಎಳೆಯದನ್ನು ಮಾತ್ರ ಕುಡಿದು ಬಾಂದೋಲ್ ಒರಟೆಂದು ತೀರ್ಪು ಕೊಡುವುದು ನ್ಯಾಯವಲ್ಲ. ಕಾಯುವ ಹೊರೆಯನ್ನೆಲ್ಲ ಗಿರಾಕಿಯ ತಲೆಗೆ ಕಟ್ಟಿ ಎಳೆಯ ಬಾಟಲಿಯನ್ನೇ ಮೇಜಿಗೆ ತರುವ ರೆಸ್ಟೋರೆಂಟುಗಳ ಪಾಲೂ ಈ ತಪ್ಪಿನಲ್ಲಿದೆ.

ಊಟದೊಂದಿಗೆ ಇದರ ಗುಣ ತಿಳಿಯಲು ಪ್ರೊವಾನ್ಸಿನ ದೋಬ್‌ಗಿಂತ ಒಳ್ಳೆಯ ಒರೆಗಲ್ಲಿಲ್ಲ. ದನದ ಮಾಂಸದ ಗಟ್ಟಿ ಭಾಗವನ್ನು ದೊಡ್ಡ ತುಂಡುಗಳಾಗಿ ಕತ್ತರಿಸಿ, ಈರುಳ್ಳಿ, ಕ್ಯಾರೆಟ್, ಬೆಳ್ಳುಳ್ಳಿ, ಥೈಮ್, ಬೇ ಎಲೆಗಳ ಜೊತೆ ರಾತ್ರಿಯಿಡೀ ಕೆಂಪು ವೈನಿನಲ್ಲಿ ನೆನೆಸುತ್ತಾರೆ. ಮರುದಿನ ಹಂದಿಯ ಕೊಬ್ಬು ಮತ್ತು ಒಣಗಿದ ಕಿತ್ತಳೆ ಸಿಪ್ಪೆಯ ಒಂದು ತುಣುಕು ಸೇರಿಸಿ, ಮುಚ್ಚಿದ ಮಣ್ಣಿನ ಪಾತ್ರೆಯಲ್ಲಿ, ಕುದಿ ಬರಲೋ ಬೇಡವೋ ಎನ್ನುವಂಥ ಸಣ್ಣ ಉರಿಯಲ್ಲಿ ಗಂಟೆಗಟ್ಟಲೆ ಬೇಯಿಸುತ್ತಾರೆ. ಮಾಂಸದ ನಾರು ಕರಗಿ ಸಾರು ಅಂಟಂಟಾಗುತ್ತದೆ. ಆ ಪ್ರೋಟೀನು ಮತ್ತು ಕೊಬ್ಬು ಟ್ಯಾನಿನ್ನಿಗೆ ಸಿಕ್ಕುವುದರಿಂದ ಬಾಯಿಯ ಬಿಗಿತ ಸಡಿಲುತ್ತದೆ, ಉಪ್ಪು ಕಹಿಯನ್ನು ತಗ್ಗಿಸುತ್ತದೆ, ಕಿತ್ತಳೆ ಸಿಪ್ಪೆಯ ನಸುಗಹಿ ವೈನಿನ ಜೇಷ್ಠಮಧುವಿನ ಛಾಯೆಯನ್ನು ಎತ್ತಿಹಿಡಿಯುತ್ತದೆ. ಐದಾರು ವರ್ಷದ ಬಾಂದೋಲ್ ಕೂಡ ದೋಬ್ ಜೊತೆಗೆ ತನ್ನ ವಯಸ್ಸಿಗಿಂತ ಪಕ್ವವಾಗಿ ತೋರುತ್ತದೆ. ಬೆಳ್ಳುಳ್ಳಿ ಚುಚ್ಚಿ ಸುಟ್ಟ ಕುರಿಮರಿಯ ತೊಡೆ ಎರಡನೆಯ ಒಳ್ಳೆಯ ಜೋಡಿ. ಹಳೆಯ ಬಾಟಲಿಗೆ ಮಸಾಲೆಯ ಭಾರವಿಲ್ಲದ ಈ ಊಟವೇ ಹೆಚ್ಚು ಒಪ್ಪುತ್ತದೆ, ದೋಬ್‌ನ ದಟ್ಟ ಸಾರಿನಲ್ಲಿ ಅದರ ನವುರು ಮುಳುಗಿಹೋಗುತ್ತದೆ.

ಕೆಂಪು ವೈನಿಗೆ ಮೀನು ಆಗದೆಂಬ ನಿಯಮ ಅರ್ಧ ಸತ್ಯ. ಕೆಲವು ಕೆಂಪು ವೈನುಗಳಲ್ಲಿರುವ ಕಬ್ಬಿಣದ ಅಂಶವೇ ಸಮುದ್ರಾಹಾರದೊಂದಿಗೆ ಕೆಟ್ಟ ಮೀನುವಾಸನೆ ಹುಟ್ಟಿಸುತ್ತದೆಂದು ಜಪಾನಿನ ಸಂಶೋಧಕರು 2009ರಲ್ಲಿ ತೋರಿಸಿದರು. ಬೇಯಿಸಿದ ಬಿಳಿ ಮೀನಿನ ಜೊತೆ ಬಾಂದೋಲ್ ಸೋಲುವುದು ಖಂಡಿತ. ಆದರೆ ಪ್ರೊವಾನ್ಸಿನ ಕರಾವಳಿಯಲ್ಲಿ ಆಕ್ಟೋಪಸ್ಸನ್ನು ಕೆಂಪು ವೈನಿನಲ್ಲೇ ಬೇಯಿಸುವ ಅಡುಗೆಯಿದೆ, ಅದಕ್ಕೆ ಇದೇ ವೈನು ಸರಿಹೊಂದುತ್ತದೆ. ಮೆಣಸಿನಕಾಯಿಯ ಖಾರ ಮಾತ್ರ ಇದರ ನೇರ ಶತ್ರು. ಶೇ 14ರ ಆಸುಪಾಸಿನ ಮದ್ಯಸಾರ ಖಾರದ ಉರಿಯನ್ನು ಹೆಚ್ಚಿಸುತ್ತದೆ, ಒಗರೂ ಇಮ್ಮಡಿಯಾದಂತೆ ತೋರುತ್ತದೆ. ಚೀಸಿನಲ್ಲಿ ಕುರಿ ಹಾಲಿನ ಗಟ್ಟಿ ಬಗೆಗಳು ಒಪ್ಪುತ್ತವೆ, ನೀಲಿ ಬೂಷ್ಟಿನವು ಸಲ್ಲವು.

ಬಡಿಸುವಾಗ 16ರಿಂದ 18 ಡಿಗ್ರಿ ಸೆಲ್ಸಿಯಸ್ ಇರಬೇಕು. ಕೋಣೆಯ ಉಷ್ಣಾಂಶ ಎಂಬ ಹಳೆಯ ಸೂತ್ರ ಹುಟ್ಟಿದ್ದು ತಣ್ಣನೆಯ ಯುರೋಪಿನ ಮನೆಗಳಲ್ಲಿ. 28 ಡಿಗ್ರಿಯ ಕೋಣೆಯಲ್ಲಿ ಮದ್ಯಸಾರದ ಘಾಟು ಉಳಿದೆಲ್ಲ ಪರಿಮಳವನ್ನೂ ನುಂಗುತ್ತದೆ, ಆದ್ದರಿಂದ ಬಾಟಲಿಯನ್ನು ಅರ್ಧ ಗಂಟೆ ಫ್ರಿಜ್ಜಿನಲ್ಲಿಡುವುದು ಒಳ್ಳೆಯದು. ಎಳೆಯದನ್ನು ಒಂದೆರಡು ಗಂಟೆ ಮೊದಲೇ ಅಗಲ ಬಾಯಿಯ ಪಾತ್ರೆಗೆ ಸುರಿದು ಗಾಳಿಯಾಡಲು ಬಿಡಬೇಕು. ಹಳೆಯದನ್ನು ಗಸಿ ಬೇರ್ಪಡಿಸಿ ಕೂಡಲೇ ಬಡಿಸಬೇಕು.

ತೋಟದಿಂದ ತೋಟಕ್ಕೂ ವ್ಯತ್ಯಾಸ ದೊಡ್ಡದು. ಶಾತೊ ಪ್ರಾದೊ ದ್ರಾಕ್ಷಿಯನ್ನು ತೊಟ್ಟು ಬಿಡಿಸದೆ ಹುದುಗಿಸಿ ವರ್ಷಗಟ್ಟಲೆ ಪೀಪಾಯಿಯಲ್ಲಿಡುತ್ತದೆ. ಅಷ್ಟು ಕಠಿಣವಾದ ಬಾಂದೋಲ್ ಬೇರೊಂದು ಸಿಗುವುದು ಅಪರೂಪ, ತಾಳ್ಮೆಯಿದ್ದವರಿಗೆ ಅಷ್ಟು ಕೊಡುವಂಥದ್ದೂ ಅಪರೂಪ. ಪೇರೊ ಮನೆತನದ ದೊಮೇನ್ ತಾಂಪಿಯೇಯಲ್ಲಿ ಲ ತೂರ್ತೀನ್ ತೋಟದ ವೈನು ಮೂರ್ವೆದ್ರ ತುಂಬಿ ಬಿಗಿಯಾಗಿರುತ್ತದೆ. ಲ ಮಿಗುವಾ ತೋಟದ್ದರಲ್ಲಿ ಗ್ರೆನಾಶ್, ಸಾನ್ಸೊ ಹೆಚ್ಚಿರುವುದರಿಂದ ಅದು ಬೇಗ ತೆರೆದುಕೊಳ್ಳುತ್ತದೆ. ಲುಲು ಎಂದೇ ಹೆಸರಾದ ಲೂಸಿ ಪೇರೊ ತಾಂಪಿಯೇಯ ವೈನಿಗೂ ಪ್ರೊವಾನ್ಸಿನ ಅಡುಗೆಗೂ ಇರುವ ನಂಟನ್ನು ಅತಿಥಿಗಳಿಗೆ ಬಡಿಸಿ ತೋರಿಸಿದವರು. ಅವರ ಅಡುಗೆಗಳ ಬಗ್ಗೆ ರಿಚರ್ಡ್ ಆಲ್ನಿ 1994ರಲ್ಲಿ ಒಂದು ಪುಸ್ತಕವನ್ನೇ ಬರೆದರು. ಆಕೆ 2020ರಲ್ಲಿ, 102ನೆಯ ವಯಸ್ಸಿನಲ್ಲಿ ತೀರಿಕೊಂಡರು.

ಬಾಂದೋಲ್‌ನ ಒಂದೇ ಬಾಟಲಿ ಕೊಳ್ಳುವವರು ಹತ್ತು ವರ್ಷ ದಾಟಿದ್ದನ್ನು ಹುಡುಕಲಿ. ಅದು ಸಿಗದಿದ್ದರೆ ಲ ಮಿಗುವಾದಂಥ ಮೆದು ಬಗೆಯನ್ನು ಆರಿಸಿ, ಮಾಂಸದೂಟದ ಜೊತೆಗೇ ತೆರೆಯಲಿ.