ಲಾರ್ವಾನಾಶಕವೂ ಅಡಿಕೆಯ ಹಾಳೆಯೂ

2024ರಲ್ಲಿ ಕರ್ನಾಟಕ ಸರ್ಕಾರವು ಡೆಂಗ್ಯೂವನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆಯ ಉತ್ಪತ್ತಿಗೆ ಆಸ್ಪದವೀಯುವವರಿಗೆ ದಂಡ ವಿಧಿಸಿದ್ದು ಉಚಿತವೇ. ಆದರೆ ಟೆಮಿಫಾಸ್ ರಾಸಾಯನಿಕವೊಂದರಿಂದಲೇ ಎಲ್ಲವೂ ಸಾಧ್ಯವೆಂಬ ನಂಬಿಕೆ ವಿಮರ್ಶೆಗೆ ಅರ್ಹವಾದುದು. ಲೀಟರಿಗೆ 1 ಮಿಲಿಗ್ರಾಂ ಮೀರದಂತೆ ಬಳಸಿದರೆ ಮನೆಯ ತೊಟ್ಟಿಯಲ್ಲಿ ಅದು ವಾರಗಟ್ಟಲೆ ಫಲ ನೀಡುತ್ತದೆ. ಈ ಮಿತಿಗೆ ವಿಶ್ವ ಆರೋಗ್ಯ ಸಂಸ್ಥೆಯ ಸಮ್ಮತಿಯೂ ಉಂಟು.

ತಾಳಗುಪ್ಪದ ಸುತ್ತಣ ಅಡಿಕೆ ತೋಟವಾದರೋ ತೊಟ್ಟಿಯಲ್ಲ. ಮಳೆಗಾಲದಲ್ಲಿ ಉದುರಿದ ಒಂದೊಂದು ಹಾಳೆಯೂ ಒಂದು ಬಟ್ಟಲು. ಈಡಿಸ್ ಸೊಳ್ಳೆಗೆ ಅಷ್ಟು ನೀರೇ ಸಾಕು. ಸಾವಿರಾರು ಹಾಳೆಗಳಿಗೆ ಔಷಧ ಹಾಕುವವರಾರು? ಹಾಕಿದರೂ ಮಲೆನಾಡಿನ ಮಳೆಯು ಅದನ್ನು ಬಸಿಗಾಲುವೆಗೆ ತೊಳೆದೊಯ್ಯುತ್ತದೆ. ಅಲ್ಲಿ ಅಪಾಯಕ್ಕೊಳಗಾಗುವವು ನಿರಪರಾಧಿ ಜಲಜೀವಿಗಳು. ಲಾರ್ವಾಗಳನ್ನು ತಿನ್ನುವ ಏರೋಪ್ಲೇನ್ ಚಿಟ್ಟೆಯ ಮರಿಗಳೂ ಅವುಗಳಲ್ಲಿ ಸೇರಿವೆ.

ಹಾಗೆಂದು, ವಿಷ ಹಾಕಲಿಲ್ಲವಾದ್ದರಿಂದ ಅಹಿಂಸೆಯಾಯಿತೆಂದು ಶ್ರಾವಕರು ಸುಮ್ಮನಿರುವಂತಿಲ್ಲ. ನೀರನ್ನು ಸೋಸಿ ಕುಡಿಯುವ ಮನೆಯ ಹಿತ್ತಲಲ್ಲಿಯೇ ನೀರು ನಿಂತು ಹುಳು ಹುಟ್ಟಿದರೆ, ಅದು ಪ್ರಮಾದವಲ್ಲದೆ ಮತ್ತೇನು? ಹಾಳೆಯನ್ನು ಮಳೆಗೆ ಮುನ್ನವೇ ಆಯ್ದರೆ ಊಟದ ತಟ್ಟೆಯಾಗುತ್ತದೆ. ಕೊಲ್ಲುವ ಪ್ರಸಂಗವೇ ಬರದು. ಬಸದಿಯ ತೊಟ್ಟಿಯನ್ನು ಬರಿದುಮಾಡಿದರೆ ಮಾತ್ರ ಸಾಲದು. ಈಡಿಸ್ ಮೊಟ್ಟೆ ಒಣಗೋಡೆಯ ಮೇಲೂ ತಿಂಗಳುಗಟ್ಟಲೆ ಉಳಿಯುವುದರಿಂದ ವಾರಕ್ಕೊಮ್ಮೆ ತಿಕ್ಕಿ ತೊಳೆಯಬೇಕು. ಅಲ್ಲಿಯೂ ಹಿಂಸೆ ಇಲ್ಲವೆನ್ನಲಾಗದು; ಕಾಲುವೆಯವರೆಗೆ ಹರಿಯದು, ಅಷ್ಟೇ.